ಯುಗಾದಿ ಚಂದ್ರ, ಗಿರಿಜತ್ತೆಯ ಮುಖ

ಬೇವಿನ ಹೂವನ್ನು ಕಡ್ಡಿಯಿಂದ ಬಿಡಿಸುವುದು ಮಹಾ ತಾಳ್ಮೆಯ ಕೆಲಸ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೊರದ ಮುಂದೆ ಕುಳಿತು, ಈ ಯುಗಾದಿಗೂ ಅದನ್ನೇ ಮಾಡಿದೆ. ಮಧುಗಿರಿಯ ಸಂತೆಯಲ್ಲಿ ಬೇವನ್ನು ಕಟ್ಟು ಕಟ್ಟಿ ಮಾರುತ್ತಾರೆ ನಿಜ, ಆದರೆ ಆ ಕಟ್ಟಿನಲ್ಲಿ ಎಲೆ ಧಾರಾಳ, ಹೂವು ನೆಪಕ್ಕೆ. ನೀವು ಗಮನಿಸಿದ್ದೀರೋ ಇಲ್ಲವೋ, ವರ್ಷವೆಲ್ಲ ಕಹಿ ಹೊತ್ತು ನಿಲ್ಲುವ ಈ ಮರ ಸರಿಯಾಗಿ ಹಬ್ಬದ ಹೊತ್ತಿಗೇ ಹೂ ಬಿಡುತ್ತದೆ, ಅದರ ಘಮವೋ ಸಿಹಿಯೋ ಸಿಹಿ! ನಾವು ಬೇವು, ಬೆಲ್ಲ ಎಂದು ಎರಡು ರುಚಿಗೇ ಹಬ್ಬ ಮುಗಿಸುತ್ತೇವೆ. ಪಾವಗಡ ದಾಟಿ ತೆಲುಗು ಸೀಮೆಗೆ ಕಾಲಿಟ್ಟರೆ ಹುಣಸೆ, ಮಾವಿನಕಾಯಿ, ಉಪ್ಪು, ಖಾರವೂ ಸೇರಿ ಆರು ರುಚಿಯ ಪಚ್ಚಡಿ. ನಾನು ಹುಟ್ಟಿ ಬೆಳೆದ ಕೊಡಿಗೇನಹಳ್ಳಿ, ಮಧುಗಿರಿಗೊಂದು ಬಸ್ಸು, ಹಿಂದೂಪುರಕ್ಕೊಂದು ಬಸ್ಸು ಎಂದು ಎರಡೂ ಕಡೆ ಮುಖ ಮಾಡಿದ ಊರು. ಹಾಗಾಗಿ ನಮ್ಮ ಮನೆಯಲ್ಲಿ ಎರಡನ್ನೂ ಮಾಡುತ್ತಿದ್ದರು, ಮಕ್ಕಳಾದ ನಾವು ಬೆಲ್ಲವನ್ನಷ್ಟೇ ಆರಿಸಿ ತಿಂದು ಎರಡಕ್ಕೂ ಸಮನಾಗಿ ಮೋಸ ಮಾಡುತ್ತಿದ್ದೆವು.

ಇನ್ನು ಚಂದ್ರನ ವಿಚಾರ. ಚೌತಿಯ ಚಂದ್ರನನ್ನು ನೋಡಬಾರದು, ಯುಗಾದಿ ಚಂದ್ರನನ್ನು ನೋಡದೆ ಬಿಡಬಾರದು. ಪಾಪ, ಇರುವವನು ಒಬ್ಬನೇ, ಬೈಸಿಕೊಳ್ಳುವುದಕ್ಕೂ ಅವನೇ, ಕೈಮುಗಿಸಿಕೊಳ್ಳುವುದಕ್ಕೂ ಅವನೇ. ಅಮಾವಾಸ್ಯೆಯ ಬೆನ್ನಿಗೇ ಹಬ್ಬ ಬರುವುದರಿಂದ ಅವನು ಆಗ ಉಗುರಿನ ಅಂಚಿನಷ್ಟು ಮಾತ್ರ, ಹೊತ್ತು ಮುಳುಗಿದ ಮೇಲೆ ಪಡುವಣದಲ್ಲಿ ತುಸು ಹೊತ್ತು ಇದ್ದು ಇಳಿದುಬಿಡುತ್ತಾನೆ, ಎಷ್ಟೋ ವರ್ಷ ಹಬ್ಬದ ದಿನ ಸಿಕ್ಕದೆ ಮರುಸಂಜೆಗೆ ಸಿಗುತ್ತಾನೆ. ಅವನ ಯಾವ ಕೊಂಬು ಮೇಲಿದೆ ಎಂದು ನೋಡಿ ಮಳೆಯ ಲೆಕ್ಕ ಹೇಳುವ ಹಿರಿಯರು ಈಗಲೂ ಇದ್ದಾರೆ. ಕೆಲವು ವರ್ಷ ನಮ್ಮ ಯುಗಾದಿಯ ಚಂದ್ರನೂ ರಂಜಾನಿನ ಚಂದ್ರನೂ ಒಂದೇ ಸಂಜೆ ಬೀಳುವುದುಂಟು. ಹಾಗೆ ಬಿದ್ದಾಗ, ನನ್ನ ಜೊತೆ ಪಾಠ ಮಾಡುತ್ತಿದ್ದ ಶಿರಾದ ಫಾತಿಮಾ ಫೋನು ಮಾಡಿ, ನಿಮ್ಮ ಕಡೆ ಚಾಂದ್ ಕಾಣಿಸಿತೇ ಎಂದು ಕೇಳುತ್ತಾಳೆ. ಇಬ್ಬರು ನಿವೃತ್ತ ಟೀಚರುಗಳು ಎರಡು ಊರಿನ ಎರಡು ಮಹಡಿಯ ಮೇಲೆ ಕತ್ತು ನೋಯಿಸಿಕೊಂಡು ಒಂದೇ ಗೆರೆಯನ್ನು ಹುಡುಕುತ್ತೇವೆ.

ನಮ್ಮ ಮನೆಯಲ್ಲಿ ಚಂದ್ರನಿಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ಚಂದ್ರನನ್ನು ನೋಡಿದ ಮೇಲೆ ಮೊದಲು ಯಾರ ಮುಖ ನೋಡುತ್ತೇವೋ, ವರ್ಷವೆಲ್ಲ ಅದರಂತೆಯೇ ನಡೆಯುತ್ತದೆ ಎಂಬ ನಂಬಿಕೆ ಅದು. ಆದ್ದರಿಂದ ಮಾಳಿಗೆಯ ಮೇಲೆ ಚಂದ್ರನಿಗೆ ಕೈಮುಗಿದವರೆಲ್ಲ ತಕ್ಷಣ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು, ಬಳೆ ಸದ್ದನ್ನೋ ಕೆಮ್ಮನ್ನೋ ಹಿಡಿದು ತಡವರಿಸುತ್ತಾ ತಮಗೆ ಬೇಕಾದವರ ಮುಂದೆ ಹೋಗಿ ನಿಂತು ಕಣ್ಣು ಬಿಡುತ್ತಿದ್ದರು. ಅಪ್ಪನಿಗೂ ಅಮ್ಮನ ಮುಖವೇ, ನನಗೂ ಅಮ್ಮನ ಮುಖವೇ, ಪಕ್ಕದ ಮನೆಯವರೂ ಬಂದು ನೋಡುತ್ತಿದ್ದದ್ದು ಅಮ್ಮನ ಮುಖವೇ. ಆ ಸಂಜೆ ಅಮ್ಮನಿಗೆ ಬಿಗುಮಾನವೂ ಸ್ವಲ್ಪ ಹೆಚ್ಚೇ ಇರುತ್ತಿತ್ತು.

ಆ ಹೊತ್ತಿನಲ್ಲಿ ಗಿರಿಜತ್ತೆ ಅಡುಗೆಮನೆಯಲ್ಲಿರುತ್ತಿದ್ದಳು. ಅವಳು ಅಪ್ಪನ ತಂಗಿ. ಪಾವಗಡದ ಕಡೆಗೆ ಮದುವೆಯಾಗಿ, ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಹಣೆಗೆ ಬರೀ ವಿಭೂತಿಯಿಟ್ಟುಕೊಂಡು ತವರಿಗೆ ಮರಳಿದ್ದವಳು. ಅಳುಮುಂಜಿ ಎಂದುಕೊಳ್ಳಬೇಡಿ, ಮನೆಯನ್ನೆಲ್ಲ ಮಾತಿನಲ್ಲೇ ಆಳುತ್ತಿದ್ದಳು, ಸಿಟ್ಟು ಬಂದರೆ ಕನ್ನಡ ಸಾಲದೆ ತೆಲುಗಿಗೆ ಹಾರುತ್ತಿದ್ದಳು, ಅವಳ ಕೈಯ ಒಬ್ಬಟ್ಟು ಇಡೀ ಬೀದಿಗೆ ಹೆಸರಾಗಿತ್ತು. ಆದರೆ ಚಂದ್ರನನ್ನು ನೋಡುವ ಹೊತ್ತಿಗೆ ಮಾತ್ರ ಒಳಗೆ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದಳು. ಒಳಗೆ ಹೋಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೋಗಬೇಡ ಎಂದೂ ಯಾರೂ ಹೇಳಲಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಆ ಸಲದ ಚಂದ್ರನನ್ನು ನೋಡಿ ಕಣ್ಣು ಮುಚ್ಚಿದವಳಿಗೆ ಅಮ್ಮ ಮಾಳಿಗೆಯಿಂದ ಇಳಿದುಹೋದದ್ದು ಹೆಜ್ಜೆ ಸದ್ದಿನಿಂದ ತಿಳಿಯಿತು. ಗೋಡೆ ಸವರುತ್ತಾ ನಾನೂ ಮೆಟ್ಟಿಲಿಳಿದೆ. ಒಳಗೆ ಬಳೆ ಸದ್ದಾಯಿತು; ಅಮ್ಮನೇ ಎಂದು ಹೋಗಿ ಕಣ್ಣು ಬಿಟ್ಟರೆ, ಹೆಂಚಿನ ಮೇಲೆ ನೆನ್ನೆಯ ಒಬ್ಬಟ್ಟು ಬಿಸಿ ಮಾಡುತ್ತಿದ್ದ ಗಿರಿಜತ್ತೆ! ಕೈಗೊಂದರಂತೆ ಗಾಜಿನ ಬಳೆ ತೊಡುವುದನ್ನು ಅವಳು ಬಿಟ್ಟಿರಲಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ಯಾಕೆ ಬಂದೆಯೇ ಎಂದು ತೆಲುಗಿನಲ್ಲಿ ಬೈದಳು. ಆಮೇಲೆ ದನಿ ಇಳಿಸಿ, "ಯಾರ್ಗೂ ಹೇಳ್ಬ್ಯಾಡ ಕಣಮ್ಮ," ಎಂದಳು.

ಹೇಳಲಿಲ್ಲ. ಆದರೆ ಅವತ್ತಿನಿಂದ ಅತ್ತೆ ನನ್ನ ಬೆನ್ನು ಬಿಡಲಿಲ್ಲ. ಬಸ್ಸು ಓಡಾಡುವ ರಸ್ತೆಯನ್ನು ಕೈಹಿಡಿದು ದಾಟಿಸುವಳು, ಹುಣಸೆ ಮರ ಹತ್ತಿದರೆ ಕೆಳಗೆ ನಿಂತು ಶಾಪ ಹಾಕುವಳು, ಶನಿವಾರಕ್ಕೊಮ್ಮೆ ದೃಷ್ಟಿ ತೆಗೆಯುವಳು. ನನಗೆ ಒಳ್ಳೆ ಮಜವಾಗಿತ್ತು. ಹೊಟ್ಟೆನೋವು ಎಂದು ಮುಖ ಸಣ್ಣದು ಮಾಡಿದರೆ ಸಾಕು, ಕೊಬ್ಬರಿ ಸಕ್ಕರೆ ಕೈಗೆ ಬರುತ್ತಿತ್ತು. ಎಂಥ ಕಳ್ಳಿ ನಾನು, ವಾರಕ್ಕೆರಡು ಸಲ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದೆ.

ಕಾರ್ತೀಕದಲ್ಲಿ ನಿಜವಾಗಿಯೇ ಜ್ವರ ಬಂತು. ವಾರವಾದರೂ ಇಳಿಯಲಿಲ್ಲ. ಒಂದು ಮಧ್ಯಾಹ್ನ ಮಂಪರಿನಲ್ಲಿ ಮಲಗಿದ್ದಾಗ, ದೇವರ ಗೂಡಿನ ಮುಂದೆ ಕುಳಿತ ಅತ್ತೆಯ ದನಿ ಕೇಳಿಸಿತು. "ಮಗಾ ಗೊತ್ತಿಲ್ದೆ ನೋಡ್ಬುಡ್ತು ಕಣಪ್ಪಾ ಶಿವನೇ. ತಪ್ಪೆಲ್ಲಾ ನಂದು. ಏನ್ ಮಾಡೋದಿದ್ರೂ ನಂಗೆ ಮಾಡು." ನನ್ನನ್ನು ಉಳಿಸಿದರೆ ಬರಿಗಾಲಲ್ಲಿ ಸಿದ್ದರಬೆಟ್ಟ ಹತ್ತುತ್ತೇನೆಂದು ಹರಕೆ ಹೊತ್ತಳು. ಇಷ್ಟು ತಿಂಗಳು ಅವಳು ಹೆದರಿಕೊಂಡೇ ಬದುಕಿದ್ದಳೆಂದು ಆಗ ತಿಳಿಯಿತು. ತಿಂದ ಕೊಬ್ಬರಿ ಸಕ್ಕರೆಯೆಲ್ಲ ನೆನೆದು ನನಗೆ ಬಹಳ ನಾಚಿಕೆಯಾಯಿತು.

ಜ್ವರ ಇಳಿಯಿತು, ಅತ್ತೆ ಬೆಟ್ಟ ಹತ್ತಿ ಬಂದಳು, ಅಂಗಾಲಿನ ಗುಳ್ಳೆಗಳನ್ನು ಯಾರಿಗೂ ತೋರಿಸಲಿಲ್ಲ. ಆದರೂ ಅವಳ ಭಯ ಹೋಗಲಿಲ್ಲ, ವರ್ಷ ಇನ್ನೂ ಮುಗಿದಿರಲಿಲ್ಲವಲ್ಲ. ಮುಂದಿನ ಯುಗಾದಿಯ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಒತ್ತುವಾಗ ಅವಳ ಕೈ ಹಗುರಾಗಿದ್ದದ್ದು ನನಗೆ ಇಂದಿಗೂ ನೆನಪಿದೆ.

ಆ ಸಂಜೆ ನಾನು ಕಣ್ಣು ಮುಚ್ಚಿಕೊಂಡು ಬೇಕೆಂದೇ ಅಡುಗೆಮನೆಗೆ ಹೋದೆ. ಕಣ್ಣು ಬಿಡುವಷ್ಟರಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬೈದಳು, ಬೇಡಿಕೊಂಡಳು, ಅಮ್ಮನನ್ನು ಕೂಗುತ್ತೇನೆ ಎಂದಳು. ನಾನು ಕದಲಲಿಲ್ಲ.

"ನಂಗೇನೂ ಆಗ್ನಿಲ್ಲ ಕಣತ್ತೆ. ನೋಡು."

ಕೊನೆಗೆ ಅವಳು ತಿರುಗಿದಳು. ಮುಖವೆಲ್ಲ ಒದ್ದೆಯಾಗಿತ್ತು. ನಾನು ಕಣ್ತುಂಬ ನೋಡಿದೆ. ಆಮೇಲೆ, ನೀನು ಚಂದ್ರನನ್ನು ನೋಡಿ ಎಷ್ಟು ವರ್ಷವಾಯಿತು ಎಂದು ಕೇಳಿದೆ. ಮದುವೆಯಾದ ವರ್ಷ ಪಾವಗಡದಲ್ಲಿ ನೋಡಿದ್ದು ಎಂದಳು. ಮುಖ ತೋರಿಸಬಾರದೆಂದು ಒಳಗೆ ಕುಳಿತವಳಿಗೆ ಚಂದ್ರನೂ ತಪ್ಪಿಹೋಗಿದ್ದ, ಇಷ್ಟು ವರ್ಷ ನಮ್ಮಲ್ಲಿ ಒಬ್ಬರಿಗೂ ಅದು ತೋಚಿರಲಿಲ್ಲ.

ಕೈಹಿಡಿದು ಎಳೆದುಕೊಂಡೇ ಮಾಳಿಗೆಗೆ ಹೋದೆ. ಅಪ್ಪ ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಇನ್ನೇನು ಇಳಿಯಲಿದ್ದ ಚಂದ್ರನಿಗೆ ಅತ್ತೆ ಕೈಮುಗಿದಳು, ಎಲ್ಲರಂತೆ ಕಣ್ಣು ಮುಚ್ಚಿಕೊಂಡಳು, ಎತ್ತ ಹೋಗಬೇಕೆಂದು ತಿಳಿಯದೆ ನಿಂತಳು.

"ಯಾರ್ ಮಖ ನೋಡ್ಲಿ?" ಎಂದು ಮೆಲ್ಲಗೆ ಕೇಳಿದಳು.

ನಾನು ಅವಳ ಮುಂದೆ ಹೋಗಿ ನಿಂತು, ಅವಳ ಕೈಗಳನ್ನು ನಾನೇ ಬಿಡಿಸಿದೆ.

ಮರುದಿನ ಬೆಳಿಗ್ಗೆ ಗಿರಿಜತ್ತೆ ಹಿತ್ತಲಲ್ಲಿ ಒಂದೇ ಒಂದು ಸಲ ಕೆಮ್ಮಿದಳು. ಅಯ್ಯೋ ದೇವರೇ, ಇವಳು ನೋಡಿದ್ದು ನನ್ನ ಮುಖವಲ್ಲವೇ, ಇನ್ನೊಂದು ವರ್ಷ ಇವಳಿಗೆ ಏನೂ ಆಗಬಾರದಲ್ಲ ಎಂದು ಹಾಸಿಗೆಯಿಂದ ಎದ್ದವಳೇ ಓಡಿಹೋಗಿ, ನೀರು ಸೇದುತ್ತಿದ್ದ ಅವಳ ಕೈಯಿಂದ ಹಗ್ಗವನ್ನು ಕಿತ್ತುಕೊಂಡೆ.