ಎಣಿಸಿದ ಉಲ್ಲೇಖಗಳು

ವಿಜಯಪುರದ ಪ್ರಯೋಗಾಲಯ ಸೇರಿದಾಗಿನಿಂದ ಪ್ರತಿ ಸೋಮವಾರ ಅಲ್ಲಿನ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿಡುತ್ತಿದ್ದೆ: ನನ್ನ ಮಾರ್ಗದರ್ಶಕಿಯಾದ ಮೇಡಂ ಅವರ ಪ್ರಬಂಧವನ್ನು ಎಷ್ಟು ವಿಜ್ಞಾನಿಗಳು ಹೊಸದಾಗಿ ಉಲ್ಲೇಖಿಸಿದರು ಎಂದು. ದ್ರಾಕ್ಷಿಯ ಬೂದಿ ರೋಗವನ್ನು ತಡೆಯುವ ಜೀನ್ ಯಾವುದೆಂದು ಹೇಳಿದ ಪ್ರಬಂಧವದು. ನನ್ನ ಪಿಎಚ್.ಡಿ. ನಿಂತಿದ್ದೂ ಅದರ ಮೇಲೆಯೇ. ಅಂಕಿ ಏರಿದಷ್ಟೂ ನನಗೆ ಧೈರ್ಯ.

ಕಳೆದ ವಾರ ಟಿಕೋಟಾದ ದ್ರಾಕ್ಷಿ ತೋಟದ ಎಲೆ ತಂದು ಆ ಜೀನನ್ನು ಪರೀಕ್ಷಿಸಲು ಮಾಡಿದ ಪ್ರಯೋಗ ಮತ್ತೆ ಕೈಕೊಟ್ಟಿತು. ತಪ್ಪು ನನ್ನದೇ ಇರಬೇಕು, ಉಳಿದವರು ಹೇಗೆ ಮಾಡಿದ್ದಾರೋ ನೋಡೋಣವೆಂದು ಆ ಉಲ್ಲೇಖಗಳನ್ನು ಮೊದಲ ಬಾರಿಗೆ ತೆರೆದು ಓದಿದೆ. ಒಬ್ಬರಾದ ಮೇಲೊಬ್ಬರು ಬರೆದಿದ್ದು ಒಂದೇ: ಈ ಫಲಿತಾಂಶ ನಮಗೆ ಸಿಗಲಿಲ್ಲ.

ಲ್ಯಾಪ್‌ಟಾಪನ್ನು ಮೇಡಂ ಮುಂದಿಟ್ಟೆ. ಅವರು ಓದುತ್ತಲೇ ಹೋದರು. ಪಕ್ಕದ ಚಹಾ ಕೆನೆಗಟ್ಟಿತು.

"ಇಷ್ಟು ದಿನಾ ಎಣಿಸಿದಿ. ಒಂದಾರ ಓದಿದ್ಯೇನ ಬೇ?"

"ಇಲ್ರಿ ಮೇಡಂ. ನೀವು?"

"ನಾನೂ ನಿನ್ನ ಎಣಿಕಿ ನೋಡ್ಕೋತ ಹಿಗ್ಗಿ ಕುಂತಿದ್ದೆ."

"ಹಂಗಾರ ನನ್ನ ಪಿಎಚ್.ಡಿ. ಏನಾಕ್ಕೈತ್ರಿ?"

ಅವರು ಲ್ಯಾಪ್‌ಟಾಪ್ ಮುಚ್ಚಿ ನನ್ನತ್ತ ಸರಿಸಿದರು. ಆಮೇಲೆ, "ನಿನ್ನ ಪ್ರಯೋಗದಾಗ ಬಂದದ್ದನ್ನ ಬರಿ. ನಂದು ತಪ್ಪೈತಿ ಅಂತ ನನ್ನ ಹೆಸರು ಹಾಕೇ ಬರಿ," ಎಂದರು.

ಸಂಜೆ ಬಬಲೇಶ್ವರದ ಬಸ್ಸಿನಲ್ಲಿ ಕೂತಾಗಲೂ ಮೇಡಂ ಹೆಸರು ಹಾಕಿ ಅವರದು ತಪ್ಪೆನ್ನುವ ಮೊದಲ ವಾಕ್ಯವನ್ನು ಹೇಗೆ ಬರೆಯುವುದೆಂದು ನನಗೆ ತಿಳಿಯಲಿಲ್ಲ.