ನರ್ಸಮ್ಮನ ಹಗಲು ನಿದ್ದೆ

ನಮ್ಮಕ್ಕ ಟೈಲರ್. ಕೂತಲ್ಲಿ ಕೂರದ ಹೆಂಗಸು. ಅವಳನ್ನು ಹಿಡಿದು ಕೂರಿಸುತ್ತಿದ್ದುದು ಹೊಲಿಗೆ ಯಂತ್ರ ಒಂದೇ. ಭಾವನ ಸಂಬಳ ಮನೆಸಾಲದ ಕಂತಿಗೆ ಸಾಲದೆ ಹೋದಾಗ ಅವಳು ಒಳಕೋಣೆಯನ್ನು ಬಾಡಿಗೆಗೆ ಕೊಟ್ಟು, ಯಂತ್ರವನ್ನು ನಡುಮನೆಗೆ ಎಳೆದುಕೊಂಡಳು. ಬಾಡಿಗೆಗೆ ಬಂದವಳು ನರ್ಸು. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಮಲಗಿದರೆ ಸಂಜೆಯೇ ಏಳುವವಳು.

ನಡುವೆ ಇದ್ದದ್ದು ಒಂದು ಪ್ಲೈವುಡ್ ಬಾಗಿಲು. ನರ್ಸು ಬಿಟ್ಟುಹೋದರೆ ಮನೆಯೇ ಕೈತಪ್ಪುತ್ತದೆ ಎಂಬ ಭಯ ಅಕ್ಕನ ತಲೆಗೆ ಹೊಕ್ಕಿದ್ದೇ ತಡ, ಹಗಲಿಡೀ ಯಂತ್ರ ಬಂದ್. ಕುಕ್ಕರ್ ಕೂಗುವ ಮೊದಲೇ ಓಡಿ ಒಲೆ ಆರಿಸುವಳು. ಕೊರಿಯರ್‌ನವನು ಬೆಲ್ ಒತ್ತುವ ಮೊದಲೇ ಬಾಗಿಲಲ್ಲಿ ನಿಲ್ಲುವಳು. ಭಾವನಿಗೆ ಸೀನು ಬಂದರೆ ಬೀದಿಗೆ ಓಡಬೇಕು. ಶಾಲೆಯವರು ಸಮವಸ್ತ್ರ ಹೊಲಿಸಲು ಬಟ್ಟೆಯ ಗಂಟು ತಂದಾಗ ಅದನ್ನೂ ಹಿಂದಕ್ಕೆ ಕಳಿಸಿದಳು. ನನಗೆ ಮೈಯೆಲ್ಲ ಉರಿಯಿತು.

"ಮನೆ ನಿನ್ನದಾ, ಅವಳದಾ?" ಎಂದೆ.

"ಮೆತ್ತಗೆ ಮಾತಾಡೇ," ಎಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲೇ ಎರಡು ಸಲ ಎದ್ದುಹೋಗಿ ಬಾಗಿಲಿಗೆ ಕಿವಿಗೊಟ್ಟು ಬಂದಿದ್ದಳು.

ಮೂರನೇ ತಿಂಗಳು ಒಂದು ಮಧ್ಯಾಹ್ನ ಆ ಬಾಗಿಲು ತೆರೆಯಿತು. ನರ್ಸಿನ ಕಣ್ಣು ಕೆಂಪಗಿತ್ತು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನಾನು ಬೇರೆ ರೂಮ್ ನೋಡ್ತಿದ್ದೀನಿ. ಇಲ್ಲಿ ನಿದ್ದೆನೇ ಬರ್ತಿಲ್ಲ."

ಅಕ್ಕನ ಮುಖ ಬಿಳಿಚಿಕೊಂಡಿತು. "ಉಸಿರಾಡೋಕೂ ಹೆದರ್ಕೊಂಡು ಇದ್ದೀವಲ್ಲಮ್ಮ!"

"ಅದೇ ಅಕ್ಕಾ. ವಾರ್ಡಲ್ಲಿ ಜನ ಹೀಗೆ ತುದಿಗಾಲಲ್ಲಿ ಓಡಾಡೋದು ಯಾರಿಗಾದ್ರೂ ತುಂಬ ಸೀರಿಯಸ್ ಆದಾಗ. ಆ ಹೆಜ್ಜೆ ಕೇಳಿದ್ರೆ ಎದ್ದು ಕೂತ್ಬಿಡ್ತೀನಿ."

"ಮತ್ತೆ ಮಿಷನ್ ಸದ್ದು?"

"ಹೊಲೀಬೇಡಿ ಅಂತ ನಾನು ಯಾವತ್ತು ಹೇಳ್ದೆ?"

ಹೌದು, ಯಾವತ್ತೂ ಹೇಳಿರಲಿಲ್ಲ. ಅವಳನ್ನೇ ಒಂದು ಮಾತು ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲೂ ಇಲ್ಲ. ನನಗೆ ನಗು ಉಕ್ಕಿತು, ಅಕ್ಕನ ಮುಖ ನೋಡಿ ನುಂಗಿಕೊಂಡೆ.

"ಇವತ್ತೊಂದು ದಿನ ನೋಡು. ಹೋಗಿ ಮಲಗು," ಎಂದು ಅಕ್ಕ ಯಂತ್ರದ ಮುಂದೆ ಕೂತಳು. ಹೊಲಿಯಲು ಬಟ್ಟೆಯೇ ಇರಲಿಲ್ಲ. ಶಾಲೆಯ ಗಂಟು ಬೇರೆ ಟೈಲರ್ ಕೈ ಸೇರಿ ವಾರವಾಗಿತ್ತು. ಭಾವನ ಹಳೆಯ ಅಂಗಿಯೊಂದನ್ನು ಎಳೆದುಕೊಂಡು ಅದರ ಅಂಚಿಗೆ ಹೊಲಿಗೆ ಹಾಕತೊಡಗಿದಳು. ಅರ್ಧ ಗಂಟೆಯಲ್ಲಿ ಒಳಗಿನಿಂದ ಸಣ್ಣ ಗೊರಕೆ ಕೇಳಿತು.

"ನಿದ್ದೆ ಬಂತು ಕಣಕ್ಕಾ ಅವಳಿಗೆ. ಸಾಕು, ಎದ್ದು ಊಟ ಮಾಡು," ಎಂದೆ.

ಅಕ್ಕ ತಲೆ ಎತ್ತಲಿಲ್ಲ. "ನಿಲ್ಲಿಸಿದ್ರೆ ಎದ್ಬಿಟ್ರೆ?" ಎಂದು, ಹೊಲಿದ ಅಂಚಿನ ಮೇಲೆಯೇ ಮತ್ತೆ ಮತ್ತೆ ಹೊಲಿಯುತ್ತಾ ಹೋದಳು.