ಸಿಂಬೆ ಇಟ್ಟ ಕುರ್ಚಿ

ನಮ್ಮ ಕಡೆ ಕಿಟಕಿಯಿಂದ ಬಸ್ಸಿನ ಸೀಟಿಗೆ ಟವೆಲ್ ಹಾಕಿದರೆ ಮುಗಿಯಿತು, ಆ ಸೀಟು ಹಾಕಿದವನದೇ. ಕಿಕ್ಕೇರಿ ಬಸ್ಸಾಗಲಿ, ಬೆಳ್ಳೂರು ಕ್ರಾಸಿನ ಬಸ್ಸಾಗಲಿ, ಕಾಲಿಡಲು ಜಾಗವಿಲ್ಲದಿದ್ದರೂ ಬೇರೆಯವರ ಟವೆಲ್ ಎತ್ತಿ ಪಕ್ಕಕ್ಕಿಟ್ಟು ಕೂತವನನ್ನು ನಾನು ಕಂಡಿಲ್ಲ. ಟವೆಲ್ ಇಲ್ಲದವರು ಚೀಲ ಹಾಕುತ್ತಾರೆ. ತಲೆಹೊರೆಯ ಹೆಂಗಸರು ಸಿಂಬೆ ಹಾಕುತ್ತಾರೆ. ಸಿಂಬೆ ಎಂದರೆ ಮಂಕರಿ ಬುಟ್ಟಿ ತಲೆಯ ಮೇಲೆ ಅಲುಗಾಡದೆ ಕೂರಲೆಂದು ಹಳೆ ಸೀರೆಯನ್ನು ದುಂಡಗೆ ಸುತ್ತಿ ಮಾಡಿದ್ದು. ಈ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಕಾನೂನಿಗಿಂತ ಚೆನ್ನಾಗಿ ನಡೆಯುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ಈ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆಯುವುದು ನನ್ನ ಕೆಲಸ. ಇದು ಆ ಕಡೆಯ ಒಂದು ಪೇಟೆಯಲ್ಲಿ ನಡೆದದ್ದು. ಊರಿನ ಹೆಸರು ಬೇಡ.

ಅಲ್ಲಿ ಬಸ್ ನಿಲ್ದಾಣವನ್ನು ಹೊಸದಾಗಿ ಕಟ್ಟಲು ನಕ್ಷೆ ಸಿದ್ಧವಾಗಿತ್ತು. ಗೇಟಿನ ಪಕ್ಕದ ಹೊಂಗೆ ಮರದ ನೆರಳಲ್ಲಿ ಸೀಬೆಹಣ್ಣು, ಸೌತೆಕಾಯಿ, ಹೂವು ಮಾರುವ ಹೆಂಗಸರು ಕೂರುತ್ತಾರೆ. ಆ ಜಾಗ ನಕ್ಷೆಯಲ್ಲಿ ಬೈಕ್ ನಿಲ್ಲಿಸುವ ಜಾಗವಾಗಿತ್ತು. ಹೆಂಗಸರಿಗೆ ಬೇರೆ ಕಡೆ ಜಾಗ ತೋರಿಸಿರಲಿಲ್ಲ.

ಸಾರ್ವಜನಿಕರ ಅಭಿಪ್ರಾಯ ಕೇಳಲು ಪುರಸಭೆಯ ಅಧಿಕಾರಿ ಸಭೆ ಕರೆದರು. ಆಕ್ಷೇಪಣೆ ಇದ್ದವರು ಹನ್ನೊಂದು ಗಂಟೆಗೆ ಬರಬೇಕೆಂದು ಆಟೋಗೆ ಮೈಕ್ ಕಟ್ಟಿ ಕೂಗಿಸಿದರು. ಹನ್ನೊಂದು ಎಂದರೆ ಬಸ್ಸುಗಳು ಒಂದರ ಹಿಂದೊಂದು ಬರುವ ಹೊತ್ತು. ಆಗ ಎದ್ದು ಹೋದರೆ ಅವತ್ತಿನ ವ್ಯಾಪಾರವೇ ಹೋದಂತೆ. ಅದಕ್ಕೆ ಅವರು ತಮಗೆ ಗೊತ್ತಿದ್ದ ದಾರಿ ಹಿಡಿದರು. ಬೆಳಿಗ್ಗೆ ಸಭೆಯ ಕೊಠಡಿಯ ಬಾಗಿಲು ತೆಗೆಯುತ್ತಲೇ ಒಬ್ಬಳು ಹೋಗಿ ಮುಂದಿನ ಸಾಲಿನ ಕುರ್ಚಿಗಳ ಮೇಲೆ ಎಲ್ಲರ ಸಿಂಬೆ ಇಟ್ಟು ಬಂದಳು. ಬಸ್ಸುಗಳು ಹೊರಟ ಮೇಲೆ ಹೋದರಾಯಿತು, ಸೀಟು ಎಲ್ಲಿಗೆ ಹೋಗುತ್ತದೆ?

ನಾನು ಹೋದಾಗ ಆ ಕುರ್ಚಿಗಳಲ್ಲಿ ಗುತ್ತಿಗೆದಾರನ ಕಡೆಯವರು, ಅಂಗಡಿ ಮಾಲೀಕರು, ಒಬ್ಬಿಬ್ಬರು ಮುಖಂಡರು ಕೂತಿದ್ದರು. ಸಿಂಬೆಗಳು ಬಾಗಿಲ ಹಿಂದೆ ಪೊರಕೆಯ ಪಕ್ಕ ರಾಶಿ ಬಿದ್ದಿದ್ದವು. ಜವಾನನನ್ನು ಕೇಳಿದೆ.

"ಸೀಟಿಗೆ ಹಾಕಿದ್ದು ಅಂತ ಗೊತ್ತು ಸಾ. ಸಾಹೇಬ್ರು ತೆಗಿ ಅಂದ್ರು. ತೆಗ್ದೆ."

ಸಭೆ ಬೇಗ ಮುಗಿಯಿತು. ಬೀದಿ ವ್ಯಾಪಾರಿಗಳು ಯಾರೂ ಬಂದಿಲ್ಲ, ಹಾಜರಿದ್ದವರೆಲ್ಲ ಒಪ್ಪಿದ್ದಾರೆ ಎಂದು ಅಧಿಕಾರಿ ಗುಮಾಸ್ತನಿಗೆ ಬರೆಸುತ್ತಿದ್ದಾಗ ಹೆಂಗಸರು ಒಳಗೆ ಬಂದರು. ಮುಂದಿದ್ದವಳು ಸೀಬೆಹಣ್ಣಿನವಳು. ಕುರ್ಚಿಗಳನ್ನು ನೋಡಿದಳು, ಆಮೇಲೆ ಬಾಗಿಲ ಹಿಂದೆ ನೋಡಿದಳು.

"ಯಾವನ್ಲಾ ನಮ್ಮ ಸಿಂಬೆ ಎತ್ತಾಕಿದ್ದು?"

"ಇದು ಬಸ್ಸಲ್ಲಮ್ಮ, ಸಭೆ," ಎಂದರು ಅಧಿಕಾರಿ.

"ಬಸ್ಸಲ್ಲಿರೋ ಮರ್ವಾದೆ ನಿಮ್ ಸಭೇಲಿ ಇಲ್ವಾ ಸಾಮಿ?"

ಮುಂದಿನ ಸಾಲಿನ ಮುಖಂಡನೊಬ್ಬ ಸಮಾಧಾನ ಹೇಳಲು ಹೋದ. "ಕೆಳಗೆ ಜಾಗ ಐತಲ್ಲವ್ವ, ಕುಂತ್ಕೊ."

"ಕೆಳಗೆ ದಿನಾ ಕುಂತಿರ್ತೀನಿ. ಇವತ್ತು ಕುರ್ಚಿ ಇಡ್ದಿದ್ದೆ. ಏಳಣ್ಣ."

ಅವನು ಎದ್ದ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. "ಸಿಂಬೆ ಇತ್ತು ಅಂತ ನಂಗೆ ಯಾರೂ ಯೋಳ್ನಿಲ್ಲ ಕಣವ್ವ," ಎಂದ. ಅವನ ಪಕ್ಕದವನೂ ಎದ್ದ. ನಕ್ಷೆಯ ಬಗ್ಗೆ ಅವರ ಮನಸ್ಸೇನೂ ಬದಲಾಗಿರಲಿಲ್ಲ. ಆದರೆ ಹಿಡಿದಿಟ್ಟ ಸೀಟಿನಲ್ಲಿ ಕೂತವನು ಎಂಬ ಹೆಸರು ಹೊತ್ತು ಈ ಊರಿನಲ್ಲಿ ತಿರುಗುವುದು ಯಾರಿಗೂ ಬೇಕಿರಲಿಲ್ಲ. ಸಾಲು ಖಾಲಿಯಾಯಿತು. ಹೆಂಗಸರು ಕೂತರು.

ಅಧಿಕಾರಿ ನನ್ನ ಕಡೆ ತಿರುಗಿದರು. "ಪತ್ರಿಕೆಯವರು ನೀವೇ ಹೇಳಿ ಸರ್, ಸಭೆ ಸರಿಯಾಗಿ ನಡೀತಲ್ಲ?"

"ಸಿಂಬೆ ತೆಗೆಸಿದ ಮೇಲೆ ನಡೆಯಿತು. ಹಾಗೆಯೇ ಬರೆಯುತ್ತೇನೆ," ಎಂದೆ. ಹಾಗೆಯೇ ಬರೆದೆ ಕೂಡ, ಒಂದು ವಿಶೇಷಣವನ್ನೂ ಸೇರಿಸದೆ.

ಗುಮಾಸ್ತ ಪೆನ್ನು ಕೆಳಗಿಟ್ಟ. ಅಧಿಕಾರಿ ಹೆಂಗಸರ ಕಡೆ ತಿರುಗಿ, "ಸರಿ, ನಿಮ್ಮ ಆಕ್ಷೇಪಣೆ ಏನು?" ಎಂದರು.

"ಇಲ್ಲಿ ಯೋಳುದ್ರೆ ನಿಮ್ಗೆ ತಿಳಿಯಾಕಿಲ್ಲ. ಮರದತ್ರ ಬನ್ನಿ," ಎಂದಳು ಸೀಬೆಹಣ್ಣಿನವಳು.

ಅಧಿಕಾರಿ ಹೋಗಲೇಬೇಕಾಯಿತು, ಕುರ್ಚಿ ಬಿಟ್ಟು ಎದ್ದ ಮುಖಂಡರೇ ಮುಂದಾಗಿ ಹೊರಟಿದ್ದರು. ಹೊಂಗೆಯ ಕೆಳಗೆ ಸೀಬೆಹಣ್ಣಿನವಳು ತನ್ನ ಜಾಗದಲ್ಲಿ ಕೂತು, ಮಂಕರಿ ಮುಂದಕ್ಕೆಳೆದುಕೊಂಡು, ಅಧಿಕಾರಿಯ ಜೊತೆ ನಕ್ಷೆ, ಟೇಪು ಹಿಡಿದು ಬಂದಿದ್ದ ಎಂಜಿನಿಯರನಿಗೆ, "ಅಳ್ದುಕೊಳಪ್ಪ," ಎಂದಳು. ಅವನು ಬಗ್ಗುತ್ತಲೇ ಎರಡೂ ಮಂಡಿಗಳನ್ನು ಆದಷ್ಟು ಅಗಲಿಸಿದಳು.

"ಉಂಡಿಲ್ಲ ಅವ್ಳು," ಎಂದಳು ಹೂವಿನವಳು. "ಉಂಡಿದ್ರೆ ನಿನ್ ಟೇಪು ಸಾಲ್ತಿರ್ಲಿಲ್ಲ."

ಎಂಜಿನಿಯರನೂ ನಕ್ಕ. ಅಧಿಕಾರಿ ನಗಲಿಲ್ಲ. ಎಂಜಿನಿಯರ್ ಒಬ್ಬೊಬ್ಬರ ಸುತ್ತಲೂ ಅಳೆದು, ನಕ್ಷೆಯಲ್ಲಿ ಬೈಕುಗಳ ಜಾಗದ ಮೇಲೆಯೇ ಪೆನ್ಸಿಲ್ಲಿನಲ್ಲಿ ಚೌಕಗಳನ್ನು ಎಳೆದ. ಪೆನ್ಸಿಲ್ ಗೆರೆ ಅಳಿಸಬಹುದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಮೇಲಿನವರಿಗೆ ಕಳಿಸುತ್ತೇನೆ," ಎಂದರು ಅಧಿಕಾರಿ. "ನಕ್ಷೆ ಬದಲಾಗುತ್ತೆ ಅಂತ ನಾನೇನೂ ಹೇಳಿಲ್ಲ."

"ಎದ್ದೋಯ್ತೀನಿ ಅಂತ ನಾನೂ ಯೋಳಿಲ್ಲ ಸಾಮಿ," ಎಂದಳು ಸೀಬೆಹಣ್ಣಿನವಳು. "ಒಸಿ ಪಕ್ಕಕ್ಕೆ ನಿಂತ್ಕಳಿ, ಬಸ್ಸು ಬತ್ತಾ ಐತೆ."